ಸ್ಟ್ರಿಪ್ 'ನಿಲ್' ಅಂದಾಗ

ಎಲ್ಲರಿಗೂ ನಮಸ್ಕಾರ. ಉಚ್ಚೆಯ ಬಗ್ಗೆ ಉಪನ್ಯಾಸ ಅಂತ ಗೊತ್ತಿದ್ದೂ ಈ ಮಳೆಯಲ್ಲಿ ಇಷ್ಟು ಜನ ಬಂದಿದ್ದೀರಿ. ಸಾಗರದವರ ತಾಳ್ಮೆ ದೊಡ್ಡದು.

ಕೆಲವು ವರ್ಷಗಳ ಹಿಂದೆ ಅಡಿಕೆ ತೋಟದವರೊಬ್ಬರು ನಮ್ಮ ಲ್ಯಾಬಿಗೆ ಬಂದಿದ್ದರು. ಸೊಂಟನೋವು, ಸುಸ್ತು. ಮೂಟೆ ಎತ್ತಿದ್ದಕ್ಕೇ ನೋವು ಅಂತ ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಮೂತ್ರಕ್ಕೆ ಸ್ಟ್ರಿಪ್, ಅಂದರೆ ಬಣ್ಣ ಬದಲಿಸಿ ತೋರಿಸುವ ಪರೀಕ್ಷೆಯ ಪಟ್ಟಿ, ಅದ್ದಿದೆ. ಪ್ರೋಟೀನ್ ನಿಲ್, ಅಂದರೆ ಇಲ್ಲ. ಅದೇ ಮೂತ್ರಕ್ಕೆ, ಪ್ರೋಟೀನ್ ಇದ್ದರೆ ಬೆಳ್ಳಗಾಗಿಸುವ ಸಲ್ಫೋಸ್ಯಾಲಿಸಿಲಿಕ್ ಆಸಿಡ್ ಹಾಕಿದರೆ ಮಜ್ಜಿಗೆ ಥರ ಬೆಳ್ಳಗಾಯಿತು! ನಾನೇ ಎಲ್ಲೋ ಎಡವಿದೆ ಅಂದುಕೊಂಡು ಮತ್ತೆ ಮಾಡಿದೆ. ಮತ್ತೆ ಮಜ್ಜಿಗೆ.

ಸ್ಟ್ರಿಪ್ಪೂ ಸುಳ್ಳು ಹೇಳಿರಲಿಲ್ಲ, ಆಸಿಡ್ಡೂ ಸುಳ್ಳು ಹೇಳಿರಲಿಲ್ಲ. ಸ್ಟ್ರಿಪ್ಪಿನ ಹಳದಿ ಚೌಕ ರಕ್ತದ ಮುಖ್ಯ ಪ್ರೋಟೀನಾದ ಆಲ್ಬುಮಿನ್ ಸಿಕ್ಕರೆ ಹಸಿರಾಗುತ್ತದೆ, ಬೇರೆ ಪ್ರೋಟೀನುಗಳನ್ನು ಸರಿಯಾಗಿ ಗುರುತಿಸುವುದಿಲ್ಲ. ಆಸಿಡ್ಡಿಗೆ ಆ ಭೇದ ಇಲ್ಲ, ಎಲ್ಲವನ್ನೂ ಒಡೆದ ಹಾಲಿನಂತೆ ಕೆಳಗಿಳಿಸುತ್ತದೆ. ಅವರ ಮೂತ್ರದಲ್ಲಿ ಇದ್ದದ್ದು ಲೈಟ್ ಚೈನ್, ಅಂದರೆ ರೋಗಾಣುಗಳ ವಿರುದ್ಧ ಹೋರಾಡುವ ಆ್ಯಂಟಿಬಾಡಿ ಎಂಬ ಪ್ರೋಟೀನಿನ ಒಂದು ತುಂಡು. ಮೈಲೋಮಾ ಎಂಬ ಕ್ಯಾನ್ಸರಿನಲ್ಲಿ ಮೂಳೆಮಜ್ಜೆಯ ಒಂದೇ ಬಗೆಯ ಜೀವಕೋಶ ಮಿತಿಮೀರಿ ಬೆಳೆದು ಇದನ್ನು ಸುರಿಯುತ್ತದೆ. ಇದರ ಒಂದು ಅಣು ತೂಕದಲ್ಲಿ ಆಲ್ಬುಮಿನ್ ಅಣುವಿನ ಮೂರನೇ ಒಂದು ಪಾಲು ಇರಬಹುದು, ಅಷ್ಟೇ. ಹಾಗಾಗಿ ಮೂತ್ರಪಿಂಡದ ಜರಡಿಯಲ್ಲಿ ಸಲೀಸಾಗಿ ನುಸುಳುತ್ತದೆ.

ಇದರ ಕಥೆ ಶುರುವಾಗಿದ್ದು 1845ರ ಲಂಡನ್ನಿನಲ್ಲಿ. ಒಬ್ಬ ದಿನಸಿ ವ್ಯಾಪಾರಿಯ ಮೂತ್ರವನ್ನು ಡಾಕ್ಟರ್ ಮ್ಯಾಕಿಂಟೈರ್ ಕಾಯಿಸಿ ನೋಡಿದರು, ವಿಚಿತ್ರವಾಗಿ ಕಂಡಿತು. ಹೆಚ್ಚಿನ ಪರೀಕ್ಷೆಗೆ ಅದು ಹೆನ್ರಿ ಬೆನ್ಸ್ ಜೋನ್ಸ್ ಎಂಬ ವೈದ್ಯರ ಹತ್ತಿರ ಹೋಯಿತು. ಈ ಪ್ರೋಟೀನಿಗೆ ಹೆಸರಾಗಿ ಉಳಿದದ್ದು ಬೆನ್ಸ್ ಜೋನ್ಸ್‌ದು. ಮೊದಲು ಕಾಯಿಸಿದವರ ಹೆಸರು ಎಷ್ಟು ಜನಕ್ಕೆ ಗೊತ್ತು, ಹೇಳಿ?

ಬೆಂದ ಮೊಟ್ಟೆಯ ಬಿಳಿ ಮತ್ತೆ ನೀರಾಗುವುದಿಲ್ಲ, ಅಲ್ವಾ? ಈ ಪ್ರೋಟೀನು ಆಗುತ್ತದೆ. 40ರಿಂದ 60 ಡಿಗ್ರಿಯ ನಡುವೆ ಗಟ್ಟಿಯಾಗಿ, ಕುದಿಯುವ ಹೊತ್ತಿಗೆ ಕರಗಿ, ಆರಿದಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ಕಲಿಯುವಾಗ ಇದನ್ನು ನೋಡಿ ದಂಗಾಗಿದ್ದೆ. ಆದರೆ ಸ್ವಲ್ಪವೇ ಇದ್ದರೆ ಈ ಆಟ ಕಾಣುವುದಿಲ್ಲ. ಅದಕ್ಕೇ ಈಗ ಯಾರೂ ಇದನ್ನು ನಂಬಿ ರಿಪೋರ್ಟ್ ಕೊಡುವುದಿಲ್ಲ.

ಈಗಿನ ದಾರಿ ಎಲೆಕ್ಟ್ರೋಫೊರೆಸಿಸ್. ಜೆಲ್ ಮೇಲೆ ಮೂತ್ರದ ಹನಿ ಇಟ್ಟು ಕರೆಂಟ್ ಹರಿಸಿದರೆ ಪ್ರೋಟೀನುಗಳು ಓಡುತ್ತವೆ. ನಮ್ಮ ಮಾರಿಕಾಂಬಾ ಜಾತ್ರೆಯ ಜನರಂತೆ ಬಗೆಬಗೆಯವು ಇದ್ದರೆ ಹರಡಿಕೊಂಡು ಮಸುಕಾಗಿ ಕಾಣುತ್ತವೆ. ಎಲ್ಲ ಒಂದೇ ಅಚ್ಚಿನವಾದರೆ ಒಂದೇ ಕಡೆ ಗುಂಪಾಗಿ ಚೂಪಾದ ಗೆರೆ ಬೀಳುತ್ತದೆ. ಲೈಟ್ ಚೈನಿನಲ್ಲಿ ಕಪ್ಪಾ, ಲ್ಯಾಂಬ್ಡಾ ಅಂತ ಎರಡು ಜಾತಿ. ಆ ಗೆರೆ ಯಾವ ಜಾತಿಯದು ಅಂತ ಇಮ್ಯುನೊಫಿಕ್ಸೇಶನ್ ಎಂಬ ಇನ್ನೊಂದು ಪರೀಕ್ಷೆ ಹೇಳುತ್ತದೆ. ತೋಟದವರದು ಲ್ಯಾಂಬ್ಡಾ.

ದಿನಕ್ಕೆ ಎಷ್ಟು ಹೋಗುತ್ತಿದೆ ಅಂತ ತಿಳಿಯಲು 24 ಗಂಟೆಯ ಮೂತ್ರ ಬೇಕು. ಬೆಳಗ್ಗೆ ಎದ್ದ ತಕ್ಷಣದ್ದು ಬಿಟ್ಟುಬಿಡಿ. ಆಮೇಲಿನದ್ದೆಲ್ಲ, ಮರುದಿನ ಬೆಳಗಿನ ಮೊದಲನೆಯದೂ ಸೇರಿ, ಕ್ಯಾನಿಗೆ ಬರಬೇಕು. ಕ್ಯಾನ್ ತಂಪಾದ ಜಾಗದಲ್ಲಿರಲಿ. "ತೋಟದಲ್ಲಿ ಹೊಯ್ದದ್ದೂ ಲೆಕ್ಕಕ್ಕಾ ಸಾರ್?" ಅಂತ ಕೇಳುವವರಿದ್ದಾರೆ. ಹೌದು, ಅದೂ ಲೆಕ್ಕಕ್ಕೆ. ಇನ್ನು ಕ್ಯಾನ್ ತುಂಬಲಿಲ್ಲ ಅಂತ ದಯವಿಟ್ಟು ನೀರು ಸೇರಿಸಬೇಡಿ. ಹಾಗೆ ಮಾಡಿಕೊಂಡು ಹೊಸನಗರದಿಂದ ಬಸ್ಸಿನಲ್ಲಿ ಹೊತ್ತು ತಂದವರನ್ನೂ ನೋಡಿದ್ದೇನೆ.