ಜೆಸಿಬಿ ಕೆರೆದು ಹೋದ ಮೇಲೆ ಬೆಳೆದದ್ದೇನು?

ನಮಸ್ಕಾರ ಸ್ನೇಹಿತರೇ. ಮೊನ್ನೆ ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆ ಹೋಗುವಾಗ ಗಾಡಿ ನಿಲ್ಲಿಸಿದೆ. ಹೋದ ವರ್ಷ ಅಲ್ಲಿ ಕಳೆ ತೆಗೆಯುತ್ತೇವೆ ಅಂತ ಜೆಸಿಬಿ ತಂದು ರಸ್ತೆ ಪಕ್ಕವನ್ನೆಲ್ಲ ಕೆರೆದಿದ್ದರು. ತಂಗಡಿ (ಆವರಿಕೆ), ಬಂದರಿಕೆ, ತುಂಬೆ, ನಮ್ಮ ನೆಲದ ಗಿಡಗಳೆಲ್ಲ ಬುಡಸಮೇತ ಹೋದವು. ಈಗ ನೋಡಿದರೆ ಸೊಂಟದೆತ್ತರ ಕಾಂಗ್ರೆಸ್ ಗಿಡ! ತುದಿ ತುಂಬ ಅಕ್ಕಿನುಚ್ಚು ಚೆಲ್ಲಿದ ಹಾಗೆ ಬಿಳಿ ಹೂ. ನೆಲ ಖಾಲಿ ಬಿಟ್ಟರೆ ಇದೇ ಆಗುವುದು.

ಒಬ್ಬರು ಕಮೆಂಟ್ ಹಾಕಿದ್ದಾರೆ, ‘ಬಯಲುಸೀಮೆಯಲ್ಲಿ ಹಸಿರಿದ್ದರೆ ಸಾಕು, ಯಾವ ಗಿಡ ಆದರೇನು?’ ಅಂತ. ಅಲ್ಲ ಸ್ವಾಮಿ, ಆ ಹಸಿರನ್ನು ನಿಮ್ಮ ಎಮ್ಮೆ ತಿನ್ನುತ್ತದಾ? ತಪ್ಪಿ ತಿಂದರೆ ಹಾಲು ಕಹಿಯಾಗುತ್ತದೆ. ಕಿತ್ತವರ ಕೈ ತುರಿಸುತ್ತದೆ, ಕೆಲವರಿಗೆ ಉಬ್ಬಸ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಗಿಡ ಇದು, ಈಗ ದೇಶವನ್ನೇ ನುಂಗಿದೆ. ಒಂದೇ ಗಿಡ 10,000ಕ್ಕೂ ಜಾಸ್ತಿ ಬೀಜ ಉದುರಿಸಬಲ್ಲದು. ಖಾಲಿ ನೆಲ ಸಿಕ್ಕರೆ ಬಿಡುತ್ತದಾ?

‘ಕಾಂಗ್ರೆಸ್ ಗಿಡ ತಿನ್ನುವ ಹುಳ ಇದೆಯಲ್ಲ’ ಅನ್ನುತ್ತಾರೆ. ಇದೆ. ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಎಲೆ ತಿನ್ನುತ್ತದೆ, ಒಣಹವೆ ಬಂತೆಂದರೆ ಮಣ್ಣೊಳಗೆ ಮಲಗುತ್ತದೆ. ನಮ್ಮ ದುರ್ಗದಲ್ಲಿ ಮಳೆ ಎಷ್ಟು ದಿನ ಹೇಳಿ! ಇನ್ನು ಕಳೆನಾಶಕ ಹೊಡೆಯೋಣ ಅನ್ನುವವರು ಬೇರೆ. ಹೊಡೆಯಿರಿ, ಪಕ್ಕದ ತುಂಬೆ, ಉತ್ತರಾಣಿಯೂ ಸಾಯುತ್ತವೆ. ಆಮೇಲೆ ದೀಪಾವಳಿಗೆ ಸಗಣಿಯಲ್ಲಿ ಮಾಡುವ ಕೆರಕನಿಗೆ ಸಿಕ್ಕಿಸಲು ಉತ್ತರಾಣಿ ಕಡ್ಡಿ ಹುಡುಕಿಕೊಂಡು ಊರೂರು ಅಲೆಯಿರಿ. ನೆಲ ಮತ್ತೆ ಖಾಲಿ, ಮತ್ತೆ ಕಾಂಗ್ರೆಸ್ ಗಿಡ!

ನಾನು ಹೇಳುವುದು ಇಷ್ಟೇ. ಹೂ ಬಿಡುವ ಮೊದಲು, ನೆಲ ಹಸಿ ಇರುವಾಗ, ಕೈಗೆ ಗ್ಲೌಸ್ ಹಾಕಿಕೊಂಡು ಬೇರುಸಮೇತ ಕೀಳಿ. ಕಿತ್ತ ಜಾಗದಲ್ಲಿ ಅವತ್ತೇ ತಂಗಡಿ ಬೀಜ ಹಾಕಿ. ಸಿಪ್ಪೆ ಗಟ್ಟಿ, ಹಾಗಾಗಿ ಕಲ್ಲಿಗೆ ಸ್ವಲ್ಪ ಉಜ್ಜಿ ರಾತ್ರಿ ನೆನೆಹಾಕಿ. ಮೇಕೆ ಸುಲಭಕ್ಕೆ ಬಾಯಿ ಹಾಕುವುದಿಲ್ಲ, ಬೇಲಿ ಬೇಡ. ಒಮ್ಮೆ ಬೇರು ಹಿಡಿದರೆ ನೀರೂ ಬೇಡ. ಹಳದಿ ಹೂ ಬಿಟ್ಟಾಗ ನೋಡಿ, ಜೇನು ಹೇಗೆ ಮುತ್ತುತ್ತವೆ ಅಂತ.

‘ಸರ್ಕಾರ ಮಾಡಲಿ’ ಅಂತ ಮಾತ್ರ ಹೇಳಬೇಡಿ. ಮಾಡಿದ್ದನ್ನು ನೋಡಿಯಾಯಿತಲ್ಲ, ಜೆಸಿಬಿ! ಕೆರೆದು ಖಾಲಿ ಬಿಡಬೇಡಿ. ಸುಟ್ಟು ಖಾಲಿ ಬಿಡಬೇಡಿ. ಖಾಲಿ ಬಿಡಬೇಡಿ ಅಂದರೆ ಬಿಡಬೇಡಿ, ಅಷ್ಟೇ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಊರಿನ ಗ್ರೂಪಿಗೆ ಕಳಿಸಿ. ನನ್ನ ಹತ್ತಿರ ಒಂದು ಸೇರು ತಂಗಡಿ ಬೀಜ ಇದೆ. ಯಾರಿಗೆ ಬೇಕು, ಊರಿನ ಹೆಸರು ಬರೆಯಿರಿ.