ಚೊಣಕದ ತತ್ತಿ ಮತ್ತು ಎರಡು ಪ್ರಶ್ನೆಗಳು

ಕೇಳುಗ ಬಂಧುಗಳಿಗೆ ನಮಸ್ಕಾರ.

ಕಳೆದ ಮಳೆಗಾಲದಲ್ಲಿ ಶಿರಸಿ ಕಡೆಯ ಅಡಿಕೆ ಕೃಷಿಕರೊಬ್ಬರು ನಮ್ಮ ಮನೆಗೆ ಬಂದಿದ್ದರು. ಕೈಯಲ್ಲಿ ಲ್ಯಾಬ್ ರಿಪೋರ್ಟು. "ಮಾಸ್ತರೇ, ಮಾಣಿ ತಾನು ಕೂಸು ಹೇಳ್ತ. ರಕ್ತ ಪರೀಕ್ಷೆಲಿ ಗಂಡು ಹೇಳೇ ಬಂಜು. ಹಂಗಾರೆ ಅಂವ ಹೇಳದು ಸುಳ್ಳೇ ಅಲ್ದಾ?" ಹವ್ಯಕರ ಮಾತಿನಲ್ಲಿ ಮಾಣಿ ಎಂದರೆ ಹುಡುಗ, ಕೂಸು ಎಂದರೆ ಹುಡುಗಿ, ಬಂಜು ಎಂದರೆ ಬಂದಿದೆ.

ಸುಳ್ಳಲ್ಲ. ದೇಹ ಗಂಡೋ ಹೆಣ್ಣೋ ಎಂಬುದು ಒಂದು ಪ್ರಶ್ನೆ. ತಾನು ಯಾರೆಂದು ಒಬ್ಬರಿಗೆ ಒಳಗಿನಿಂದ ಅನಿಸುವುದು ಇನ್ನೊಂದು ಪ್ರಶ್ನೆ. ಕನ್ನಡದಲ್ಲಿ ಎರಡಕ್ಕೂ ಲಿಂಗ ಎಂಬ ಒಂದೇ ಪದ ಬಳಸಿ ಗೊಂದಲ ಮಾಡಿಕೊಂಡಿದ್ದೇವೆ. ದೇಹದ್ದನ್ನು ಲಿಂಗ ಎನ್ನೋಣ, ಒಳಗಿನದನ್ನು ಲಿಂಗತ್ವದ ಅರಿವು ಎನ್ನೋಣ. ಈ ಹೊತ್ತಿನಲ್ಲಿ ನನಗೆ ಹೇಳಬೇಕಾದದ್ದು ಇದೊಂದೇ.

ಮೊದಲು ದೇಹ. ದೊಡ್ಡ ಅಂಡಾಣು ಮಾಡುವ ದೇಹ ಹೆಣ್ಣು, ಸಣ್ಣ ವೀರ್ಯಾಣು ಮಾಡುವ ದೇಹ ಗಂಡು. ಜೀವಶಾಸ್ತ್ರದ ಲೆಕ್ಕ ಇಷ್ಟೇ. ಆದರೆ ಈ ಲೆಕ್ಕವನ್ನು ಪ್ರಕೃತಿ ಎಷ್ಟು ಬಗೆಯಲ್ಲಿ ನಡೆಸುತ್ತದೆ ನೋಡಿ! ಅಡಿಕೆಯ ಒಂದೇ ಸಿಂಗಾರದಲ್ಲಿ, ಅಂದರೆ ಹೂಗೊಂಚಲಿನಲ್ಲಿ, ಗಂಡು ಹೂವೂ ಇದೆ, ಹೆಣ್ಣು ಹೂವೂ ಇದೆ.

ಚೊಣಕ ಎಂಬ ಮೀನಿನ ಕಥೆಯನ್ನಂತೂ ಹೇಳಲೇಬೇಕು. ಪ್ರಾಣಿಶಾಸ್ತ್ರ ಕಲಿಸಲು ನಾನು ಕಾರವಾರಕ್ಕೆ ಬಂದ ಹೊಸತು. ತರಗತಿಯಲ್ಲಿ ತೋರಿಸಲು ತತ್ತಿ ಇರುವ ಚೊಣಕ ಬೇಕಿತ್ತು. ನಾಲ್ಕು ಭಾನುವಾರ ಮೀನು ಮಾರ್ಕೆಟಿಗೆ ಹೋದೆ. ನನ್ನ ಸಂಬಳಕ್ಕೆ ಎಟುಕುವ ಎರಡು ಕಿಲೋ ಮೀನು ತಂದು ಕೊಯ್ದರೆ ಪ್ರತಿಸಲವೂ ಗಂಡೇ. ಐದನೆಯ ವಾರ ಬುಟ್ಟಿಯ ಹಿಂದೆ ಕೂತಿದ್ದ ಅಕ್ಕ ಕೇಳಿದರು: "ಎಂತಕ್ಕೆ ದಿನಾ ತಿರುಗಿಸಿ ತಿರುಗಿಸಿ ನೋಡ್ತೀರಿ ಮಾಸ್ತರ್ರೇ?" ಹೇಳಿದೆ. "ಸಣ್ಣ ಚೊಣಕದಲ್ಲಿ ತತ್ತಿ ಎಲ್ಲಿಂದ ಬರ್ತದೆ? ತತ್ತಿ ಬೇಕಾದ್ರೆ ದೊಡ್ಡದು ತಗೊಳ್ಳಿ." ಮಕ್ಕಳೆಲ್ಲ ದುಡ್ಡು ಕೂಡಿಸಿದರು. ಮುಂದಿನ ವಾರ ಕಾಳಿ ನದಿಯ ಅಳಿವೆಯಲ್ಲಿ ಸಿಕ್ಕ ದೊಡ್ಡ ಮೀನನ್ನು ಅಕ್ಕ ನಮಗೆಂದೇ ತೆಗೆದಿಟ್ಟಿದ್ದರು. ಕೊಯ್ದರೆ ಹೊಟ್ಟೆ ತುಂಬ ತತ್ತಿ! ಪುಸ್ತಕ ತೆರೆದರೆ ಅಕ್ಕ ಹೇಳಿದ್ದೇ ಅಲ್ಲಿಯೂ ಇತ್ತು. ಚೊಣಕ ಮೂರು-ನಾಲ್ಕು ವರ್ಷಕ್ಕೆ ಗಂಡಾಗಿ ಬಲಿಯುತ್ತದೆ. ಆರೆಂಟು ವರ್ಷದ ಹೊತ್ತಿಗೆ ಅದೇ ಮೀನು ಸಾಮಾನ್ಯವಾಗಿ ಹೆಣ್ಣಾಗಿ ತತ್ತಿ ಇಡುತ್ತದೆ. ಗೊಬ್ರೊ ಮೀನಿನಲ್ಲಿ ಇದು ತಿರುಗಾಮುರುಗಾ, ಮೊದಲು ಹೆಣ್ಣು, ಆಮೇಲೆ ಗಂಡು. ನಮ್ಮ ಹೊನ್ನಾವರದ ದಂಡೆಗೆ ಬಂದು ಮೊಟ್ಟೆ ಇಡುವ ಆಲಿವ್ ರಿಡ್ಲೆ ಕಡಲಾಮೆಯಲ್ಲಿ ಮರಿಯ ಲಿಂಗ ನಿರ್ಧರಿಸುವುದು ಮರಳಿನ ಬಿಸಿ. ಬಿಸಿ ಹೆಚ್ಚಿದರೆ ಹೆಣ್ಣು, ತಂಪಾದರೆ ಗಂಡು.

ಇವೆಲ್ಲ ದೇಹದ ಕಥೆಗಳು ಎಂಬುದನ್ನು ಮರೆಯಬೇಡಿ. ಚೊಣಕವನ್ನು ತೋರಿಸಿ ಮನುಷ್ಯರ ಮನಸ್ಸನ್ನು ವಿವರಿಸುವವರಿದ್ದಾರೆ. ಅದೂ ತಪ್ಪೇ. ಅಲ್ಲಿಯೂ ಎರಡು ಪ್ರಶ್ನೆ ಕಲಸಿಹೋಗುತ್ತವೆ.

ಮನುಷ್ಯರ ಜೀವಕೋಶದಲ್ಲಿ ಜೀನ್‌ಗಳನ್ನು ಹೊತ್ತ 46 ಎಳೆಗಳಿವೆ, ಅವೇ ಕ್ರೋಮೋಸೋಮುಗಳು. ತಾಯಿಯ ಅಂಡದಿಂದ ಎಕ್ಸ್ ಬರುತ್ತದೆ, ತಂದೆಯಿಂದ ಎಕ್ಸ್ ಅಥವಾ ವೈ. ತಂದೆಯಿಂದ ಎಕ್ಸ್ ಬಂದರೆ ಸಾಮಾನ್ಯವಾಗಿ ಹೆಣ್ಣು, ವೈ ಬಂದರೆ ಗಂಡು. ಹೆಣ್ಣು ಹುಟ್ಟಿತೆಂದು ಸೊಸೆಯನ್ನು ದೂರುವ ಮನೆಗಳು ಇನ್ನೂ ಇವೆಯಲ್ಲ, ನನಗೆ ಸಿಟ್ಟು ಬರುತ್ತದೆ. ಆರು ವಾರದವರೆಗೆ ಎಲ್ಲ ಭ್ರೂಣಗಳೂ ಒಂದೇ ತರಹ. ಆಮೇಲೆ ವೈ ಮೇಲಿರುವ ಎಸ್‌ಆರ್‌ವೈ ಎಂಬ ಜೀನ್ ವೃಷಣ ಮಾಡಿಸುತ್ತದೆ. ಅದನ್ನು ಗುರುತಿಸಿದ್ದು 1990ರಲ್ಲಿ. ಕೆಲವೊಮ್ಮೆ ಎಕ್ಸ್‌ವೈ ಇದ್ದೂ ದೇಹ ಗಂಡು ಹಾರ್ಮೋನಿಗೆ ಓಗೊಡುವುದಿಲ್ಲ. ಮಗು ಹೆಣ್ಣಾಗಿಯೇ ಬೆಳೆಯುತ್ತದೆ, ಮುಟ್ಟು ಬಾರದಿದ್ದಾಗ ವಿಷಯ ತಿಳಿಯುತ್ತದೆ. ಇವರನ್ನು ಅಂತರಲಿಂಗಿಗಳು ಎನ್ನುತ್ತಾರೆ. ಇದೂ ದೇಹದ ಮಾತೇ.

ಲಿಂಗತ್ವದ ಅರಿವು ಬೇರೆ. ದೇಹದ ಲಿಂಗ ಒಂದು, ಒಳಗಿನ ಅರಿವು ಇನ್ನೊಂದು ಆಗಿರುವವರನ್ನು ಲಿಂಗತ್ವ ಅಲ್ಪಸಂಖ್ಯಾತರು ಎನ್ನುತ್ತಾರೆ. ಅವರಲ್ಲಿ ಹೆಚ್ಚಿನವರ ಕ್ರೋಮೋಸೋಮು, ಹಾರ್ಮೋನು ಎಲ್ಲ ಸಾಮಾನ್ಯವಾಗಿಯೇ ಇರುತ್ತವೆ. ಹಾಗಾಗಿ ಯಾವ ರಕ್ತ ಪರೀಕ್ಷೆಯೂ ಅದನ್ನು ತೋರಿಸುವುದಿಲ್ಲ. ಇದು ವೇಷವೂ ಅಲ್ಲ. ನಮ್ಮ ಯಕ್ಷಗಾನದಲ್ಲಿ ಸ್ತ್ರೀವೇಷದ ಕಲಾವಿದರು ಬೆಳಗಿನವರೆಗೆ ದ್ರೌಪದಿಯಾಗಿದ್ದು ಚೌಕಿಯಲ್ಲಿ ಬಣ್ಣ ತೊಳೆದು ಮನೆಗೆ ಹೋಗುತ್ತಾರೆ. ಈ ಅರಿವನ್ನು ತೊಳೆಯಲು ಬರುವುದಿಲ್ಲ. ರೋಗವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಅದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ಹೊರಗಿಟ್ಟಿತು. ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕಿದೆ ಎಂದು ನಮ್ಮ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ತೀರ್ಪು ಕೊಟ್ಟಿದೆ. ಯಾರ ಮೇಲೆ ಪ್ರೀತಿ ಹುಟ್ಟುತ್ತದೆ ಎಂಬುದು ಮೂರನೆಯದೇ ಪ್ರಶ್ನೆ. ಅದಕ್ಕೆ ಇವತ್ತು ಸಮಯವಿಲ್ಲ.

ಆ ಅಡಿಕೆ ಕೃಷಿಕರಿಗೆ ನಾನು ಹೇಳಿದ್ದು ಇಷ್ಟು: ನಿಮ್ಮ ರಿಪೋರ್ಟು ಸರಿಯಾಗಿಯೇ ಇದೆ, ಮಗು ಹೇಳುವುದೂ ಸರಿಯಾಗಿದೆ. ರಿಪೋರ್ಟಿಗೆ ಗೊತ್ತಿರುವುದು ಮೊದಲನೆಯ ಪ್ರಶ್ನೆಯ ಉತ್ತರ. ಎರಡನೆಯದು ಬೇಕಾದರೆ ಮನೆಗೆ ಹೋಗಿ ಮಗುವನ್ನೇ ಕೇಳಿ, ಪೂರ್ತಿ ಕೇಳಿ. ಅವರು ಚಹಾ ಮುಗಿಸಿ, ಕೊನೆಯ ಬಸ್ಸು ತಪ್ಪೀತೆಂದು ಮಳೆಯಲ್ಲೇ ಹೊರಟರು. ರಿಪೋರ್ಟು ನಮ್ಮ ಮೇಜಿನ ಮೇಲೆಯೇ ಉಳಿದಿತ್ತು.

ನಮಸ್ಕಾರ.