ಬಡ್ಡಿ ದರವನ್ನು ಪ್ರಶ್ನೆಪತ್ರಿಕೆಯಲ್ಲೇ ಕೊಟ್ಟುಬಿಟ್ಟರೆ ಹುಡುಗರು ಕಲಿಯುವುದೇನು?

ನಮಸ್ಕಾರ. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಯಾರೂ ಬೈಯದ, ಯಾರೂ ಹೊಗಳದ ಒಂದು ಸಬ್ಜೆಕ್ಟ್ ಇದೆ. ಇಂಜಿನಿಯರಿಂಗ್ ಎಕನಾಮಿಕ್ಸ್. ಕೆಲವು ಬ್ರಾಂಚ್‌ನವರಿಗೆ ಇಲೆಕ್ಟಿವ್, ಕೆಲವರಿಗೆ ಮ್ಯಾನೇಜ್‌ಮೆಂಟ್ ಪೇಪರ್ ಒಳಗೆ ಒಂದು ಮಾಡ್ಯೂಲ್. ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಅಂಡ್ ಮ್ಯಾನೇಜ್‌ಮೆಂಟ್ (ಐ.ಇ.ಎಂ.) ಬ್ರಾಂಚ್‌ನವರು ಸ್ವಲ್ಪ ಗಂಭೀರವಾಗಿ ಓದುತ್ತಾರೆ. ಉಳಿದವರಿಗೆ ಇದು ಸ್ಕೋರಿಂಗ್ ಸಬ್ಜೆಕ್ಟ್. ಪ್ರೆಸೆಂಟ್ ವರ್ತ್, ಆ್ಯನ್ಯುಯಲ್ ವರ್ತ್, ರೇಟ್ ಆಫ್ ರಿಟರ್ನ್, ಡಿಪ್ರಿಸಿಯೇಷನ್. ಹಿಂದಿನ ವರ್ಷಗಳ ಪೇಪರ್ ಝೆರಾಕ್ಸ್ ಮಾಡಿಸಿ, ಪಾಸಿಂಗ್ ಪ್ಯಾಕೇಜ್ ಓದಿ, ಟೇಬಲ್ ನೋಡಿ ಫ್ಯಾಕ್ಟರ್ ಹಾಕಿದರೆ ಮುಗಿಯಿತು.

ಲೆಕ್ಕ ಸುಲಭ ಅನ್ನುವುದಕ್ಕೆ ನನ್ನ ತಕರಾರಿಲ್ಲ. ಸುಲಭವೇ. ನನ್ನ ತಕರಾರು ಪ್ರಶ್ನೆಯ ಕೊನೆಯ ಸಾಲಿನ ಮೇಲೆ. 'ಬಡ್ಡಿ ದರ 12% ಎಂದು ತೆಗೆದುಕೊಳ್ಳಿ.' ಯಾಕೆ 12? ಯಾರ 12? ಇದನ್ನು ಕ್ಲಾಸಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ 'ಗಿವನ್ ಡೇಟಾ ಕಣಪ್ಪ' ಅನ್ನುತ್ತಾರೆ.

ಒಂದು ಲೆಕ್ಕ ಮಾಡೋಣ. ಪೆನ್ನು ಬೇಡ, ಕೇಳಿಸಿಕೊಂಡರೆ ಸಾಕು. ಒಂದು ರಸ್ತೆ ಇದೆ. ಡಾಂಬರು ಹಾಕಿದರೆ ಈಗ 100 ಲಕ್ಷ, ಆಮೇಲೆ 5, 10, 15ನೇ ವರ್ಷದಲ್ಲಿ ಮೇಲ್ಪದರಕ್ಕೆ 50 ಲಕ್ಷದಂತೆ. ಕಾಂಕ್ರೀಟ್ ಹಾಕಿದರೆ, ಅಂದರೆ ನಮ್ಮೂರಿನಲ್ಲಿ ವೈಟ್ ಟಾಪಿಂಗ್ ಅನ್ನುತ್ತಾರಲ್ಲ ಅದು, ಈಗಲೇ 190 ಲಕ್ಷ, 20 ವರ್ಷ ಮುಟ್ಟುವ ಹಾಗಿಲ್ಲ. ಈ ಅಂಕಿಗಳು ನಾನೇ ಮಾಡಿಕೊಂಡವು, ಪರೀಕ್ಷೆಯಲ್ಲಿ ಕೊಡುವ ಥರದವು.

ಮುಂದೆ ಮಾಡುವ ಖರ್ಚನ್ನು ಬಡ್ಡಿ ಕಳೆದು ಇವತ್ತಿನ ದುಡ್ಡಿಗೆ ಇಳಿಸುವುದೇ ಪ್ರೆಸೆಂಟ್ ವರ್ತ್, ಅಂದರೆ ಇಂದಿನ ಬೆಲೆ. ಬಡ್ಡಿ 12% ಇಟ್ಟರೆ ಡಾಂಬರಿನ ಇಂದಿನ ಬೆಲೆ ಸುಮಾರು 154 ಲಕ್ಷ. ಕಾಂಕ್ರೀಟಿಗೆ 190. ಡಾಂಬರು ಸುಲಭವಾಗಿ ಗೆದ್ದಿತು. ಅದೇ ಬಡ್ಡಿ 4% ಇಟ್ಟು ನೋಡಿ. ಡಾಂಬರಿನದು 203 ಲಕ್ಷಕ್ಕೆ ಏರುತ್ತದೆ. ಈಗ ಕಾಂಕ್ರೀಟ್ ಗೆದ್ದಿತು. ರಸ್ತೆ ಅದೇ, ಜಲ್ಲಿ ಅದೇ, ಕಂಟ್ರಾಕ್ಟರೂ ಅವನೇ. ಬದಲಾಗಿದ್ದು ಪ್ರಶ್ನೆಪತ್ರಿಕೆ ಮಾಡಿದವರು ಸುಮ್ನೆ ಬರೆದ ಒಂದು ಅಂಕಿ. ಎರಡೂ ಸಮ ಆಗುವುದು 5.5% ಹತ್ತಿರ. ಈಚಿನ ವರ್ಷಗಳಲ್ಲಿ ಕೇಂದ್ರ ಸರ್ಕಾರ 10 ವರ್ಷಕ್ಕೆ ಸಾಲ ಎತ್ತುವ ದರ ಸುಮಾರು 6ರಿಂದ 7.5%ರ ನಡುವೆ ಓಡಾಡಿದೆ. ಅಂದರೆ ಈ ಲೆಕ್ಕ ತೀರ್ಮಾನ ಆಗುವ ಜಾಗವೇ ಜಗಳ ಮಾಡಬೇಕಾದ ಜಾಗ. ಆ ಜಗಳವನ್ನೇ ಪಾಠದಿಂದ ತೆಗೆದು ಪಕ್ಕಕ್ಕಿಟ್ಟಿದ್ದೇವೆ.

ಇನ್ನು ಆ '20 ವರ್ಷ ಮುಟ್ಟುವ ಹಾಗಿಲ್ಲ' ಅನ್ನುವ ಮಾತು. ಬೆಂಗಳೂರಿನಲ್ಲಿ! ಕೇಬಲ್‌ನವರು, ನೀರಿನವರು, ಗ್ಯಾಸ್ ಪೈಪಿನವರು ಸರದಿಯಲ್ಲಿ ನಿಂತಿರುತ್ತಾರೆ. ಟೆಂಡರ್‌ಶ್ಯೂರ್ ಅನ್ನುವ ಯೋಜನೆಯಲ್ಲಿ ಮಾಡಿದ ರಸ್ತೆಗಳಲ್ಲಿ ಫುಟ್‌ಪಾತ್ ಕೆಳಗೆ ಪೈಪು, ಕೇಬಲ್ಲಿಗೆಲ್ಲ ಮೊದಲೇ ಜಾಗ ಮಾಡಿಟ್ಟಿದ್ದು ಇದಕ್ಕೇ. ಆಗ ಖರ್ಚು ಜಾಸ್ತಿ ಆಯಿತು ಎಂದು ಗಲಾಟೆಯೂ ಆಯಿತು. ಮತ್ತೆ ಮತ್ತೆ ಅಗೆಯುವ ಖರ್ಚನ್ನು ಇನ್ನೊಂದು ಕಡೆ ಬರೆದು ಪಕ್ಕಪಕ್ಕ ಇಟ್ಟು ನೋಡಿದವರು ಎಷ್ಟು ಜನ?

ಬಡ್ಡಿ ದರ ಅಂದರೆ ಏನು ಅಂತ ನಮ್ಮ ಮನೆಗಳಲ್ಲಿ ಗೊತ್ತಿಲ್ಲದೇ ಇಲ್ಲ. ಚೀಟಿ ಹಾಕುವವರನ್ನು ಕೇಳಿ. 20 ಜನ, ತಿಂಗಳಿಗೆ 5,000, ಒಟ್ಟು ಒಂದು ಲಕ್ಷ. ಮಗಳ ಫೀಸ್ ಕಟ್ಟಬೇಕಾದವರು ಮೂರನೇ ತಿಂಗಳಲ್ಲೇ 25,000 ಬಿಟ್ಟು 75,000 ಎತ್ತುತ್ತಾರೆ. ಅವಸರ ಇಲ್ಲದವರು ಕೊನೆಯವರೆಗೆ ಕಾಯುತ್ತಾರೆ. ದುಡ್ಡು ಅದೇ, ಆದರೆ ಒಬ್ಬೊಬ್ಬರಿಗೆ ಒಂದೊಂದು ದರ. ಚೀಟಿ ಕೂಗುವಾಗ ಎಲ್ಲರೂ ತಮ್ಮ ತಮ್ಮ ದರವನ್ನೇ ಕೂಗುತ್ತಿರುತ್ತಾರೆ. ಇವತ್ತಿನ ರೂಪಾಯಿಗೂ ನಾಳೆಯ ರೂಪಾಯಿಗೂ ಬೆಲೆ ಬೇರೆ ಅನ್ನುವ ಟೈಮ್ ವ್ಯಾಲ್ಯೂ ಆಫ್ ಮನಿ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ನಾವು ಮಾತ್ರ ಡಾಲರಿನಲ್ಲಿ ಫೋರ್ಕ್‌ಲಿಫ್ಟ್ ಕೊಳ್ಳುವ ಲೆಕ್ಕ ಹೇಳಿಕೊಡುತ್ತೇವೆ.

ದರ ಒಂದೇ ಅಲ್ಲ, ಬೆಲೆಯದೂ ಇದೇ ಕಥೆ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್ ದೂರ, ಹತ್ತಿರ ಹತ್ತಿರ 500 ಮೀಟರ್ ಎತ್ತರ ಹತ್ತಿ ಬರುತ್ತದೆ. 1,000 ಲೀಟರ್ ನೀರನ್ನು 500 ಮೀಟರ್ ಎತ್ತಲು ಬರೀ ಭೌತಶಾಸ್ತ್ರದ ಲೆಕ್ಕಕ್ಕೇ 1.36 ಯುನಿಟ್ ಕರೆಂಟು ಬೇಕು. ಪಂಪು ನುಂಗುವುದು, ಪೈಪಿನ ಘರ್ಷಣೆ ನುಂಗುವುದು ಸೇರಿಸಿದರೆ 2 ಯುನಿಟ್ ಹತ್ತಿರ. ಆದರೆ 2014ರಿಂದ ಎಷ್ಟೋ ವರ್ಷ, ತಿಂಗಳಿಗೆ ಮೊದಲ 8,000 ಲೀಟರ್‌ವರೆಗೆ ಮನೆಗಳಿಗೆ ಇದ್ದ ದರ 1,000 ಲೀಟರಿಗೆ 7 ರೂಪಾಯಿ. ಕರೆಂಟು ಬಿಲ್ಲಿಗೇ ಸಾಲದು, ಅಲ್ವಾ?

ಈಗ 30-40 ಸೈಟಿನ ಮನೆಗೆ ಮಳೆನೀರು ಕೊಯ್ಲು ಹಾಕಿಸಬೇಕಾ ಅನ್ನುವ ಪ್ರಶ್ನೆಗೆ ಬನ್ನಿ. 40,000 ಖರ್ಚು, ವರ್ಷಕ್ಕೆ 60,000 ಲೀಟರ್ ಸಿಗುತ್ತದೆ ಅಂತಿಟ್ಟುಕೊಳ್ಳಿ. 7 ರೂಪಾಯಿ ದರದಲ್ಲಿ ಉಳಿತಾಯ ವರ್ಷಕ್ಕೆ 420 ರೂಪಾಯಿ. ಪೇಬ್ಯಾಕ್, ಅಂದರೆ ಹಾಕಿದ ದುಡ್ಡು ವಾಪಸ್ ಬರಲು, 95 ವರ್ಷ! ಮೊಮ್ಮಗನಿಗೆ ಲಾಭ. ಅದೇ 2024ರ ಮಾರ್ಚಿನಲ್ಲಿ, ಬೋರ್‌ವೆಲ್ ಬತ್ತಿದಾಗ, 12,000 ಲೀಟರಿನ ಟ್ಯಾಂಕರಿಗೆ 5 ಕಿಲೋಮೀಟರ್ ಒಳಗೆ ಜಿಲ್ಲಾಡಳಿತ ಗೊತ್ತು ಮಾಡಿದ ದರವೇ 1,000 ರೂಪಾಯಿ. ಆ ಲೆಕ್ಕದಲ್ಲಿ ಉಳಿತಾಯ ವರ್ಷಕ್ಕೆ 5,000 ಹತ್ತಿರ, ಪೇಬ್ಯಾಕ್ 8 ವರ್ಷ. ಸರಿ ಉತ್ತರ 95 ವರ್ಷವಾ, 8 ವರ್ಷವಾ? ಅದು ಮನೆ ಎಲ್ಲಿದೆ, ಕಾವೇರಿ ಕನೆಕ್ಷನ್ ಇದೆಯೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ. ಜಯನಗರದ ಹುಡುಗಿ ಒಂದು ಉತ್ತರ ಬರೆಯಬೇಕು, ವರ್ತೂರಿನ ಹುಡುಗ ಇನ್ನೊಂದು ಬರೆಯಬೇಕು. ಇಬ್ಬರಿಗೂ ಪೂರ್ತಿ ಮಾರ್ಕ್ಸ್ ಸಿಗಬೇಕು.

ಇದೆಲ್ಲ ಅಕೌಂಟ್ಸ್‌ನವರ ಕೆಲಸ, ಇಂಜಿನಿಯರಿಗೆ ಯಾಕೆ ಅನ್ನುವವರಿದ್ದಾರೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕ್ ಶುರುವಾಯಿತು, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ಅಣೆಕಟ್ಟು, ಬ್ಯಾಂಕು, ಕಾಲೇಜು ಮೂರನ್ನೂ ಒಂದೇ ತಲೆ ಯೋಚಿಸುತ್ತಿತ್ತು. ಅವರ ಹೆಸರಿನ ವಿಶ್ವವಿದ್ಯಾಲಯದ ಹುಡುಗರಿಗೆ ದುಡ್ಡಿನ ಮಾತು ಒಂದು ಮಾಡ್ಯೂಲಿನಷ್ಟೇ.

ಇನ್ನೊಂದು ಆಕ್ಷೇಪ ಇದೆ, ಅದು ನ್ಯಾಯವಾದದ್ದು. ಒಬ್ಬೊಬ್ಬರು ಒಂದೊಂದು ದರ ಹಾಕಿಕೊಂಡು ಬಂದರೆ ಸಾವಿರಾರು ಪೇಪರ್ ತಿದ್ದುವವರು ಏನು ಮಾಡಬೇಕು? ಒಪ್ಪುತ್ತೇನೆ. ಯೂನಿವರ್ಸಿಟಿ ಪರೀಕ್ಷೆಯಲ್ಲಿ 12% ಇರಲಿ ಬಿಡಿ. ಆದರೆ ಇಂಟರ್ನಲ್ಸ್ ಕಾಲೇಜಿನ ಕೈಯಲ್ಲೇ ಇದೆ. ನೂರರಲ್ಲಿ 50 ಮಾರ್ಕ್ಸ್. ಒಂದು ಅಸೈನ್‌ಮೆಂಟ್ ಕೊಡಿ: ನಮ್ಮ ಹಾಸ್ಟೆಲ್ ಮೇಲೆ ಸೋಲಾರ್ ಹಾಕಬೇಕಾ, ಬೇಡವಾ? ಬೆಸ್ಕಾಂ ಬಿಲ್ಲನ್ನು ಆಫೀಸಿನಿಂದ ಹುಡುಗರೇ ಕೇಳಿ ತರಲಿ. ಡೀಸೆಲ್ ಜನರೇಟರ್ ಎಷ್ಟು ಕುಡಿಯುತ್ತದೆ ಅಂತ ವಾಚ್‌ಮನ್‌ನ ಹತ್ತಿರ ವಿಚಾರಿಸಲಿ. ಬಡ್ಡಿ ದರದ ಜಾಗ ಖಾಲಿ ಬಿಡಿ. ವೈವಾದಲ್ಲಿ ಫಾರ್ಮುಲಾ ಕೇಳಬೇಡಿ, 'ಈ ದರ ಯಾಕೆ ಹಾಕಿದೆ' ಅಂತ ಮಾತ್ರ ಕೇಳಿ. ಕಾಲೇಜು ಬ್ಯಾಂಕಿನಲ್ಲಿ ಎಷ್ಟಕ್ಕೆ ಸಾಲ ತೆಗೆದಿದೆ ಅಂತ ವಿಚಾರಿಸಿಕೊಂಡು ಬಂದವನಿಗೆ ಜಾಸ್ತಿ ಮಾರ್ಕ್ಸ್ ಕೊಡಿ.